ಟಾಸ್ಕ್ ಮ್ಯಾನೇಜರ್ ಹೇಳುವುದೆಷ್ಟು, ಬಿಡುವುದೆಷ್ಟು

ಕಂಪ್ಯೂಟರ್ ನಿಧಾನವಾಯಿತು, ಫ್ಯಾನಿನ ಸದ್ದು ನಿಲ್ಲುತ್ತಿಲ್ಲ ಎಂದಾಗ ಮನೆಗಳಲ್ಲಿ ನಡೆಯುವ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ. ಟಾಸ್ಕ್ ಮ್ಯಾನೇಜರ್ ತೆರೆಯುವುದು, ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡುವುದು, ಪಟ್ಟಿಯ ತುದಿಗೆ ಬಂದ ಪ್ರೋಗ್ರಾಂಗೆ ‘ಎಂಡ್ ಟಾಸ್ಕ್’ ಒತ್ತುವುದು. ಅದಕ್ಕೂ ಬಗ್ಗದಿದ್ದರೆ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಹೊಡೆಸುವುದು. ಇವೆರಡರ ನಡುವೆ ಇರಬೇಕಾದ ಕೆಲಸ, ಅಂದರೆ ಕಾರಣ ಹುಡುಕುವುದು, ನಮ್ಮ ರೂಢಿಯಲ್ಲೇ ಇಲ್ಲ. ಅದಕ್ಕೆ ಬಳಸುವವರನ್ನಷ್ಟೇ ದೂರಿದರೆ ಅನ್ಯಾಯ. ಅವರ ಕೈಗೆ ಕೊಟ್ಟಿರುವ ಉಪಕರಣ ಅಲ್ಲಿಯವರೆಗೆ ಕರೆದೊಯ್ಯುವುದಿಲ್ಲ.

ಟಾಸ್ಕ್ ಮ್ಯಾನೇಜರ್ ಒಳ್ಳೆಯ ಕಸುಬುದಾರಿಕೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ಮೈಕ್ರೋಸಾಫ್ಟಿನ ಎಂಜಿನಿಯರ್ ಡೇವ್ ಪ್ಲಮ್ಮರ್ ಮನೆಯಲ್ಲಿ ತಮ್ಮ ಪಾಡಿಗೆ ಬರೆಯತೊಡಗಿದ್ದ ಇದು 1996ರಲ್ಲಿ ವಿಂಡೋಸ್ ಎನ್‌ಟಿ 4.0 ಜೊತೆ ಜನರ ಕೈಸೇರಿತು. ಮಿಕ್ಕೆಲ್ಲ ಕಿಟಕಿಗಳು ಸ್ತಬ್ಧವಾದಾಗಲೂ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಸಾಮಾನ್ಯವಾಗಿ ಇದು ತೆರೆದುಕೊಳ್ಳುತ್ತದೆ. 2012ರಲ್ಲಿ ವಿಂಡೋಸ್ 8 ಇದಕ್ಕೆ ಹೊಸ ರೂಪ ಕೊಟ್ಟಿತು. ‘ಸರ್ವೀಸ್ ಹೋಸ್ಟ್’ ಎಂಬ ಒಂದೇ ಹೆಸರಿನಡಿ ಅಡಗಿದ್ದ ಸೇವೆಗಳನ್ನು ಬಿಡಿಸಿ ನೋಡುವ ಅವಕಾಶ ಆಗ ಬಂತು. 2017ರ ವಿಂಡೋಸ್ 10 ಅಪ್‌ಡೇಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 3.5 ಜಿಬಿಗಿಂತ ಹೆಚ್ಚು ರ್‍ಯಾಮ್ ಇರುವ ಯಂತ್ರಗಳಲ್ಲಿ ಬಹುಪಾಲು ಸೇವೆಗಳನ್ನು ಬೇರೆಬೇರೆಯಾಗಿಯೇ ಓಡಿಸತೊಡಗಿತು. ಇವು ನಿಜವಾದ ಸುಧಾರಣೆಗಳು.

ತಕರಾರು ಇರುವುದು ಅದು ಕೊಡುವ ಅಂಕಿಯ ಬಗ್ಗೆ. ವಿಂಡೋಸ್ 8ರಿಂದ ಈಚೆಗೆ ‘ಪ್ರೋಸೆಸಸ್’ ಪುಟದ ಲೆಕ್ಕ ಒಂದು, ‘ಡೀಟೇಲ್ಸ್’ ಪುಟದ ಲೆಕ್ಕ ಇನ್ನೊಂದು. ಡೀಟೇಲ್ಸ್ ಹೇಳುವುದು ಪ್ರೊಸೆಸರಿನ ಎಷ್ಟು ಹೊತ್ತು ಕೆಲಸಕ್ಕೆ ಹೋಯಿತು ಎಂಬುದನ್ನು. ಪ್ರೋಸೆಸಸ್ ಹೇಳುತ್ತಿದ್ದದ್ದು, ಅದರ ಮೂಲ ವೇಗಕ್ಕೆ ಹೋಲಿಸಿದರೆ ಎಷ್ಟು ಕೆಲಸ ಆಯಿತು ಎಂಬುದನ್ನು. ಮೂಲ ವೇಗ 1.8 ಗಿಗಾಹರ್ಟ್ಸ್ ಇರುವ ಲ್ಯಾಪ್‌ಟಾಪ್ ಟರ್ಬೋದಲ್ಲಿ 3.6ಕ್ಕೆ ಏರಿದಾಗ ಅರ್ಧ ಹೊತ್ತು ಮಾತ್ರ ದುಡಿದಿದ್ದರೂ 100% ಎಂದು ಕಾಣುತ್ತದೆ. ಇದು ವೃಥಾ ಗಾಬರಿ ಹುಟ್ಟಿಸುವ ಅಂಕಿ, ಹೋಗಲಿ. ಹೆಚ್ಚು ಕೆಡುಕಿರುವುದು ಇದರ ತಿರುಗುಮುರುಗಿನಲ್ಲಿ. ಬಿಸಿಯೇರಿ ವೇಗ 0.8ಕ್ಕೆ ಕುಸಿದ ಅದೇ ಲ್ಯಾಪ್‌ಟಾಪ್ ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುತ್ತಿದ್ದರೂ ಅಂಕಿ 44% ದಾಟುವುದಿಲ್ಲ. ಸಿಪಿಯು ಅರ್ಧವೂ ಬಳಕೆಯಾಗಿಲ್ಲವಲ್ಲ, ಹಾಗಾದರೆ ಹಾರ್ಡ್ ಡಿಸ್ಕ್ ಹೋಗಿರಬೇಕು ಎಂದು ಜನ ಡಿಸ್ಕ್ ಬದಲಿಸಲು ಹೊರಡುತ್ತಾರೆ. ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ರ ಎಲ್ಲ ಪುಟಗಳಿಗೂ ಒಂದೇ ಲೆಕ್ಕ ತಂದಿತು. ಅಷ್ಟರಲ್ಲಿ 13 ವರ್ಷ ಕಳೆದಿತ್ತು.

ಅಂಕಿ ಸರಿಯಿದ್ದರೂ ಅದನ್ನು ಓದಲು ಯಾರೂ ಕಲಿಸಿಲ್ಲ. ಏರಿಳಿಯುವ ಅಂಕಿಗೂ ಕದಲದೆ ನಿಂತ ಅಂಕಿಗೂ ಅರ್ಥ ಬೇರೆ. ನಾಲ್ಕು ಕೋರ್ ಇರುವ ಯಂತ್ರದಲ್ಲಿ ಒಂದು ಪ್ರೋಗ್ರಾಂ ಗಂಟೆಗಟ್ಟಲೆ 25%ಕ್ಕೇ ಅಂಟಿಕೊಂಡಿದ್ದರೆ, ಅದರ ಒಂದು ಥ್ರೆಡ್ ಎಲ್ಲೋ ಸುತ್ತುತ್ತಾ ಸಿಕ್ಕಿಹಾಕಿಕೊಂಡು ಒಂದು ಇಡೀ ಕೋರನ್ನು ತಿನ್ನುತ್ತಿದೆ ಎಂದೇ ಸಂಶಯಪಡಬೇಕು. ಯಾವ ಥ್ರೆಡ್, ಯಾರದ್ದು ಎಂದು ಕೇಳಿದರೆ ಟಾಸ್ಕ್ ಮ್ಯಾನೇಜರ್ ಬಳಿ ಉತ್ತರವಿಲ್ಲ.

ಉತ್ತರ ಇರುವುದು ಪ್ರೋಸೆಸ್ ಎಕ್ಸ್‌ಪ್ಲೋರರ್ ಬಳಿ. ಮಾರ್ಕ್ ರುಸಿನೋವಿಚ್ ಬರೆದ ಈ ಪುಟ್ಟ ಉಚಿತ ತಂತ್ರಾಂಶ, 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನು ಕೊಂಡಾಗಿನಿಂದ ಮೈಕ್ರೋಸಾಫ್ಟಿನದ್ದೇ. ಅಕ್ಕನ ಮನೆಯ ಡೆಸ್ಕ್‌ಟಾಪಿನಲ್ಲಿ ಇದರ ಬೆಲೆ ನನಗೆ ಚೆನ್ನಾಗಿ ಮನವರಿಕೆಯಾಯಿತು. ಅಲ್ಲಿ ಪ್ರಿಂಟ್ ಸ್ಪೂಲರ್ 25%ರಲ್ಲಿ ನಿಂತಿತ್ತು. ಎಂಡ್ ಟಾಸ್ಕ್ ಕೊಟ್ಟರೆ ವಿಂಡೋಸ್ ಅದನ್ನು ತಾನೇ ಮತ್ತೆ ಎಬ್ಬಿಸುತ್ತಿತ್ತು, ಸ್ವಲ್ಪ ಹೊತ್ತಿನಲ್ಲೇ ಅಂಕಿ ಮತ್ತೆ 25. ಪ್ರೋಸೆಸ್ ಎಕ್ಸ್‌ಪ್ಲೋರರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಥ್ರೆಡ್ಸ್’ ಪುಟಕ್ಕೆ ಹೋದಾಗ, ಸಿಪಿಯು ತಿನ್ನುತ್ತಿದ್ದ ಥ್ರೆಡ್ಡಿನ ಎದುರು ಒಂದು ಡಿಎಲ್‌ಎಲ್ ಹೆಸರು ಕಂಡಿತು. ಅದು ವಿಂಡೋಸಿನದ್ದಲ್ಲ. ಯಾವಾಗಲೋ ಗುಜರಿಗೆ ಹೋದ ಪ್ರಿಂಟರಿನ ಡ್ರೈವರಿನದ್ದು. ಇಲ್ಲದ ಪ್ರಿಂಟರನ್ನು ಅದು ಇನ್ನೂ ಕೂಗಿ ಕರೆಯುತ್ತಲೇ ಇತ್ತು. ಡ್ರೈವರ್ ತೆಗೆದುಹಾಕಿದ ಮೇಲೆ ಸ್ಪೂಲರ್ ತೆಪ್ಪಗಾಯಿತು. ಸ್ಪೂಲರ್ ಸೇವೆಯನ್ನೇ ಡಿಸೇಬಲ್ ಮಾಡಿದ್ದರೆ ಸಿಪಿಯು ಇಳಿಯುತ್ತಿತ್ತು ನಿಜ, ಆದರೆ ಹೊಸ ಪ್ರಿಂಟರೂ ಸುಮ್ಮನಾಗುತ್ತಿತ್ತು.

ಹಾಗೆಂದು ಪ್ರೋಸೆಸ್ ಎಕ್ಸ್‌ಪ್ಲೋರರನ್ನು ಮನೆಮಂದಿಗೆಲ್ಲ ಶಿಫಾರಸು ಮಾಡಲಾರೆ. ಗುಲಾಬಿ, ತಿಳಿನೀಲಿ ಸಾಲುಗಳ ಅರ್ಥವನ್ನು ಮೆನುವಿನೊಳಗೆ ಹೊಕ್ಕು ಹುಡುಕಬೇಕು, ಕಾಲಂಗಳ ಹೆಸರುಗಳೆಲ್ಲ ಪರಿಣತರಿಗಾಗಿ ಇಟ್ಟವು. ತಿಳಿದವರ ಕೈಯಲ್ಲಿ ಮಾತ್ರ ಅದು ಮಾತಾಡುತ್ತದೆ.

ಫಾರ್ಮ್ಯಾಟ್ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇದೆ. ‘ವೈರಸ್ ಬಂದಿರ್ಬೇಕು ಸಾರ್, ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತು ಕೇಳದವರಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಪದ್ಧತಿ ಫೋಟೋ, ಲೆಕ್ಕಪತ್ರಗಳ ಜೊತೆಗೆ ಕಾರಣದ ಸುಳಿವನ್ನೂ ಅಳಿಸಿಹಾಕುತ್ತದೆ. 2015-16ರ ಹೊತ್ತಿಗೆ ವಿಂಡೋಸ್ 7 ಇದ್ದವರಿಗೆ ಇದರ ಅನುಭವ ಚೆನ್ನಾಗಿಯೇ ಆಯಿತು. ಅಪ್‌ಡೇಟ್ ಹುಡುಕುವ ಸೇವೆ ಗಂಟೆಗಟ್ಟಲೆ ಒಂದು ಕೋರನ್ನು ಹಿಡಿದು ಕೂರುತ್ತಿತ್ತು, ಏಕೆಂದರೆ ಯಾವ ಅಪ್‌ಡೇಟ್ ಯಾವುದನ್ನು ರದ್ದುಪಡಿಸುತ್ತದೆ ಎಂಬ ಲೆಕ್ಕ ಬೆಳೆದು ಬೆಟ್ಟವಾಗಿತ್ತು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರಕ್ಕೆ ಬೇಕಾದ ಅಪ್‌ಡೇಟ್‌ಗಳು ಇನ್ನೂ ಹೆಚ್ಚು. ಹಾಗಾಗಿ ಫಾರ್ಮ್ಯಾಟ್ ಮಾಡಿಸಿದವರ ಕಂಪ್ಯೂಟರ್ ಮೊದಲಿಗಿಂತ ಕೆಟ್ಟದಾಗಿ ತಡವರಿಸಿತು. ಮೈಕ್ರೋಸಾಫ್ಟ್ 2016ರಲ್ಲಿ ಅಪ್‌ಡೇಟ್ ಹುಡುಕುವ ತಂತ್ರಾಂಶವನ್ನೇ ತಿದ್ದಬೇಕಾಯಿತು. ಇವತ್ತಿಗೂ ಫಾರ್ಮ್ಯಾಟ್ ಆದ ಕೂಡಲೇ ಡಿಫೆಂಡರ್ ಸ್ಕ್ಯಾನ್, ಸರ್ಚ್ ಇಂಡೆಕ್ಸಿಂಗ್, ಅಪ್‌ಡೇಟ್ ಎಲ್ಲವೂ ಹೊಸದಾಗಿ ಶುರುವಾಗುತ್ತವೆ. ಆಗ ಸಿಪಿಯು ಏರುವುದು ಸಹಜ.

ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಹೋಗದ ಕಾರಣ ಇನ್ನೊಂದಿದೆ, ಧೂಳು. ಹೀಟ್‌ಸಿಂಕಿನ ಸಂದಿಗಳಲ್ಲಿ ಧೂಳು ಮೆತ್ತಿಕೊಂಡು, ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತೂ ಸಿಪಿಯು ತುಂಬಿಯೇ ಇರುತ್ತದೆ. ‘ಪರ್ಫಾರ್ಮೆನ್ಸ್’ ಪುಟದಲ್ಲಿ ಈಗಿನ ವೇಗವನ್ನೂ ಮೂಲ ವೇಗವನ್ನೂ ಹೋಲಿಸಿದರೆ ಇದರ ಸುಳಿವು ಸಿಗುತ್ತದೆ, ಆದರೆ ಹಾಗೆ ಹೋಲಿಸಿ ನೋಡಿ ಎಂದು ಆ ಪುಟ ಎಲ್ಲಿಯೂ ಹೇಳುವುದಿಲ್ಲ. 2020ರಿಂದ ಟಾಸ್ಕ್ ಮ್ಯಾನೇಜರ್ ಗ್ರಾಫಿಕ್ಸ್ ಕಾರ್ಡಿನ ಉಷ್ಣಾಂಶ ತೋರಿಸುತ್ತಿದೆ. ಪ್ರತಿ ಮನೆಯ ಕಂಪ್ಯೂಟರಿನಲ್ಲೂ ಇರುವ ಪ್ರೊಸೆಸರಿನ ಉಷ್ಣಾಂಶವನ್ನು ಮಾತ್ರ ಅದು ಇನ್ನೂ ತೋರಿಸುತ್ತಿಲ್ಲ.