ಜಲಪರ್ಣಿಯ ಜಮಾಖರ್ಚು

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿರುವ ಕಂಬರ ತಲಾವಿಗೆ ಈಗ ಧರ್ಮವೀರ ಸಂಭಾಜಿ ತಲಾವ್ ಎಂದು ಹೆಸರು. ಹೆಸರು ಬದಲಾದರೂ ಜಲಪರ್ಣಿ (ವಾಟರ್ ಹಯಸಿಂತ್) ಅದರ ಬೆನ್ನು ಬಿಡಲಿಲ್ಲ. ಗಟಾರದ ನೀರು ಸೇರಿದಲ್ಲೆಲ್ಲ ಹಬ್ಬುವ ಈ ಗಿಡವನ್ನು ಆಳು ಇಳಿಸಿ, ಯಂತ್ರ ಇಳಿಸಿ ತೆಗೆಸುವ ಪಾಡು ಊರಿಗೆ. ಇತ್ತ ಸಂಶೋಧನಾ ಲೇಖನಗಳನ್ನು ತೆರೆದರೆ ಇದೇ ಗಿಡ ಕೊಳಕು ನೀರಿಗೆ ಮದ್ದು, ಮೇಲಾಗಿ ಇಂಧನದ ಬೆಳೆ. ಎರಡೂ ಸುಳ್ಳಲ್ಲ. ಗಿಡವನ್ನು ನೀರಿನಿಂದ ಯಾರು ಎತ್ತುತ್ತಾರೆ, ಯಾವಾಗ ಎತ್ತುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹೊಗಳಿಕೆಯ ಲೇಖನಗಳಲ್ಲಿ ಈ ಎತ್ತುವ ಕೆಲಸಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಮದ್ದು ಎಂಬ ಮಾತಿಗೆ ಗಟ್ಟಿ ಆಧಾರವಿದೆ. 1970ರ ದಶಕದಲ್ಲಿ ನಾಸಾದ ಬಿಲ್ ವೊಲ್ವರ್ಟನ್ ಅಮೆರಿಕದ ಮಿಸಿಸಿಪ್ಪಿಯಲ್ಲಿ ಚರಂಡಿ ನೀರಿನ ಹೊಂಡಗಳಲ್ಲಿ ಜಲಪರ್ಣಿ ಬೆಳೆಸಿ, ಅದರ ಜೊಂಪೆ ಬೇರು ಸಾರಜನಕ, ರಂಜಕಗಳನ್ನು ಹೀರುವುದನ್ನು ತೋರಿಸಿದರು. ಆದರೆ ಹೀರಿದ್ದು ಗಿಡದ ಮೈಯಲ್ಲೇ ಇರುತ್ತದೆ. ಗಿಡ ಅಲ್ಲೇ ಕೊಳೆತರೆ ಅಷ್ಟೂ ನೀರಿಗೆ ವಾಪಸು, ಜೊತೆಗೆ ಕೊಳೆಯುವಾಗ ನೀರಿನ ಆಮ್ಲಜನಕವೂ ಖಾಲಿ. ಕೊಯ್ಯದೆ ಬಿಟ್ಟ ಜಲಪರ್ಣಿ ಕಟ್ಟದೆ ಉಳಿದ ಸಾಲದ ಹಾಗೆ, ಬಡ್ಡಿ ಸಮೇತ ಮರಳುತ್ತದೆ.

ಸೊಲ್ಲಾಪುರಕ್ಕೆ ಬಂದರೆ ಇನ್ನೊಂದು ತೊಡಕು. ಇದು ಚಾದರ, ಟಾವೆಲ್‌ಗಳ ಊರು. ನೀರಿಗೆ ಬರುವುದು ಮನೆಗಳ ಕೊಳೆಯೊಂದೇ ಅಲ್ಲ, ಬಣ್ಣದ ತೊಟ್ಟಿಯ ನೀರೂ ಉಂಟು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಸಂಜಯ ಗೋವಿಂದವಾರ್ ಮತ್ತು ಅವರ ಬಳಗ ಜವಳಿ ಬಣ್ಣಗಳನ್ನು ಗಿಡಗಳಿಂದ ಒಡೆಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿದೆ. ಬೇರಿನ ಕಿಣ್ವಗಳು ಬಣ್ಣದ ಅಣುವನ್ನು ತುಂಡರಿಸುತ್ತವೆಂದು ತೋರಿಸಿದ ಈ ಕೆಲಸಕ್ಕೆ ನನ್ನ ಮೆಚ್ಚುಗೆಯಿದೆ. ಆದರೆ ರಿಯಾಕ್ಟಿವ್ ಬಣ್ಣ ಹತ್ತಿ ನೂಲಿಗೆ ಹಿಡಿಯಬೇಕಾದರೆ ತೊಟ್ಟಿಗೆ ಧಾರಾಳ ಉಪ್ಪು ಸುರಿಯಬೇಕು. ಬಣ್ಣ ಹೋಗಿ ನೀರು ತಿಳಿಯಾಗಿ ಕಂಡರೂ ಉಪ್ಪು ಹಾಗೇ ಉಳಿಯುತ್ತದೆ. ಹೆಚ್ಚಾದರೆ ಜಲಪರ್ಣಿಯನ್ನೇ ಕೊಲ್ಲುತ್ತದೆ. ತಿಳಿನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ತೆಗೆಸಿದ ಫೋಟೋದಲ್ಲಿ ಉಪ್ಪು ಕಾಣುವುದಿಲ್ಲ. ಆ ನೀರು ಹೊಲಕ್ಕೆ ಹರಿದಾಗ ಜೋಳಕ್ಕೆ ಗೊತ್ತಾಗುತ್ತದೆ.

ಇನ್ನು ಇಂಧನ. ಜಲಪರ್ಣಿಯ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರು. ಒಂದು ಟನ್ ಹಸಿಗಿಡ ಒಣಗಿದರೆ ಉಳಿಯುವುದು 60 ಕಿಲೋ ಆಸುಪಾಸು. ಗೋಬರ್ ಗ್ಯಾಸಿನಂತೆ ಕೊಳೆಸಿದರೆ, ಸ್ಥೂಲ ಲೆಕ್ಕದಲ್ಲಿ, ಮನೆಬಳಕೆಯ ಅರ್ಧ ಸಿಲಿಂಡರಿಗೂ ಕಡಿಮೆ ಅನಿಲ. ಆ ಒಂದು ಟನ್ನನ್ನು ಲಾರಿಗೆ ಹೇರಿ ದೂರ ಸಾಗಿಸಿದರೆ ಡೀಸೆಲ್ಲೇ ಲಾಭ ತಿಂದುಹಾಕುತ್ತದೆ. ಎಥನಾಲ್ ಮಾತಂತೂ ಈ ಜಿಲ್ಲೆಯಲ್ಲಿ ತಮಾಷೆ. ಸುತ್ತ ಸಕ್ಕರೆ ಕಾರ್ಖಾನೆಗಳು. ಕಾಕಂಬಿ ಕೈಗೆಟುಕುವಲ್ಲಿ ಕೆರೆಯ ಕಳೆಯ ನಾರನ್ನು ಒಡೆದು, ಹುದುಗಿಸಿ, ಬಟ್ಟಿ ಇಳಿಸುವವರು ಯಾರು?

ಹಾಗೆಂದು ಅನಿಲದ ದಾರಿಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಎನ್. ಚಾಣಕ್ಯ ಮತ್ತು ಸಂಗಡಿಗರು ಜಲಪರ್ಣಿಯನ್ನು ಅರೆಯದೆ, ನೀರಲ್ಲಿ ಕಲಸದೆ, ಗುಡ್ಡೆಯಾಗಿಯೇ ಕೊಳೆಸಿ ಅನಿಲ ಪಡೆಯುವ ವಿಧಾನವನ್ನು 1990ರ ದಶಕದಲ್ಲೇ ಪ್ರಕಟಿಸಿದರು. ಅದರ ಜಾಣತನ ಸರಳ: ಸಾಗಾಟವಿಲ್ಲ, ಕೆರೆಯ ದಂಡೆಯಲ್ಲೇ ಕೆಲಸ. ನೀರಿನ ಶುದ್ಧಿಗೂ ಇಂಥ ಜಾಣ ಮಾದರಿ ಉಂಟು: ಅದೇ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಗಿಡಗಳ ಸರದಿ ಬರುವುದು ಯಂತ್ರದ ನಂತರ. ಮೊದಲು ಶುದ್ಧೀಕರಣ ಘಟಕ, ಆಮೇಲೆ ಜೊಂಡು ಬೆಳೆದ ಜೌಗು, ಅದನ್ನು ದಾಟಿದ ಮೇಲೆ ಕೆರೆ. ಯಂತ್ರ ಬಿಟ್ಟದ್ದನ್ನು ಗಿಡ ಹಿಡಿಯುತ್ತದೆ; ಯಂತ್ರದ ಬದಲಿಗೆ ಗಿಡ ಎಂದು ಅಲ್ಲಿ ಯಾರೂ ಹೇಳುತ್ತಿಲ್ಲ. ಕೋಲ್ಕತ್ತದ ಪೂರ್ವದ ಮೀನುಹೊಂಡಗಳಲ್ಲಿಯೂ ಜಲಪರ್ಣಿಗೆ ದಂಡೆಗುಂಟ ಒಂದು ಪಟ್ಟಿಯಷ್ಟೇ ಜಾಗ. ಮೀನುಗಾರರ ಕಣ್ಣು ತಪ್ಪಿಸಿ ಅದು ನಡುನೀರಿಗೆ ಹೋಗುವಂತಿಲ್ಲ.

ಕೊಯ್ದ ಗಿಡ ಅಲ್ಲೇ, ಅಂಜಿಕೆಯಿಲ್ಲದೆ ಬಳಕೆಯಾಗಬೇಕು ಎಂಬ ಅಳತೆಗೋಲು ಹಿಡಿದು ನೋಡಿದರೆ, ಬಣ್ಣದ ನೀರಿನ ಸೊಲ್ಲಾಪುರಕ್ಕಿಂತ ಇದೇ ಜಿಲ್ಲೆಯ, ಮನೆಗಟಾರದ ಅಕ್ಕಲಕೋಟೆಯೇ ಜಲಪರ್ಣಿಯ ಪ್ರಯೋಗಕ್ಕೆ ತಕ್ಕ ಊರು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಜನಜಂಗುಳಿಯಿಂದ ಅಲ್ಲಿ ನೀರಿನ ಕೊಳೆಯೂ ಹೆಚ್ಚು, ಅನ್ನಛತ್ರದಲ್ಲಿ ಒಲೆಯ ಕೆಲಸವೂ ಹೆಚ್ಚು. ಬಣ್ಣ, ಲೋಹಗಳ ಭಯ ಕಡಿಮೆಯಾದ್ದರಿಂದ ಕೊಯ್ದ ಗಿಡವನ್ನು ಸಗಣಿ, ಮುಸುರೆಯ ಜೊತೆ ಕೊಳೆಸಿದರೆ ಅನಿಲ ತೆಗೆದ ಮೇಲಿನ ರಾಡಿಯನ್ನು ಹೊಲಕ್ಕೆ ಹಾಕಲು ಅಂಜಬೇಕಿಲ್ಲ. ಬಣ್ಣದ ನೀರಲ್ಲಿ ಬೆಳೆದ ಗಿಡದ ರಾಡಿಗೆ ಈ ಮಾತು ಹೇಳಲಾಗದು; ಅದನ್ನು ಪರೀಕ್ಷಿಸದೆ ಗೊಬ್ಬರವೆಂದು ಮಾರಿದರೆ ಕೆರೆಯ ವಿಷ ಹೊಲಕ್ಕೆ ವರ್ಗವಾದಂತೆ.

ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಶಿವಯೋಗಿ ಸಿದ್ಧರಾಮ ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದಾಗ ಜಲಪರ್ಣಿ ಈ ನೆಲಕ್ಕೆ ಬಂದಿರಲಿಲ್ಲ. ದಕ್ಷಿಣ ಅಮೆರಿಕದ ಈ ಗಿಡ ಹೂವಿನ ಚೆಂದಕ್ಕೆ ಬಂಗಾಳಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಕೆರೆಗೆ ಆಗ ಬೇಕಿದ್ದದ್ದು ವರ್ಷವರ್ಷ ಹೂಳೆತ್ತುವ ಕೈಗಳು. ಈಗ ಅದರ ಜೊತೆಗೆ, ವಾರವಾರ ಗಿಡ ಎತ್ತುವ ಕೈಗಳ ಕೂಲಿಯನ್ನೂ ಯೋಜನೆಯ ಮೊದಲ ಪುಟದಲ್ಲಿ ಬರೆಯಬೇಕು.