ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ

ಬಾಹ್ಯಾಕಾಶದ ಗೇಮಲ್ಲಿ ಹಡಗು ಮೇಲೆ-ಕೆಳಗೆ ಹೋಗೋದೇ ಇಲ್ಲ ಅಂದ್ರೆ ನಂಬ್ತೀರಾ? 2015ರ 'ರೆಬೆಲ್ ಗ್ಯಾಲಕ್ಸಿ' ಹಾಗೇ ಇದೆ. ಹಡಗು ಚಲಿಸೋದು ಒಂದೇ ಸಮತಲದಲ್ಲಿ. ದೊಡ್ಡ ಫಿರಂಗಿಗಳು ಹಳೇ ಹಾಯಿಹಡಗಿನ ಹಾಗೆ ಎಡ-ಬಲ ಪಕ್ಕಗಳಲ್ಲಿವೆ. ಶತ್ರುವಿನ ಕಡೆ ಮೂತಿ ತಿರುಗಿಸಿದರೆ ಸಾಲದು, ಪಕ್ಕ ಕೊಡಬೇಕು. ಹುಲ್ಲು ಹೇರಿದ ಎತ್ತಿನ ಗಾಡಿ ಹೊಡೆದವರಿಗೆ ಈ ಲೆಕ್ಕ ಗೊತ್ತು: ತಿರುವು ಬರೋ ಮುಂಚೆನೇ ತಿರುಗೋಕೆ ಶುರು ಮಾಡಬೇಕು. ಸಣ್ಣಪುಟ್ಟ ವಿಮಾನಗಳನ್ನ ಟರೆಟ್‌ಗಳಿಗೆ ಬಿಡಬಹುದು. ಹಾಗಾಗಿ ಬೆರಳಿಗಿಂತ ತಲೆಗೇ ಕೆಲಸ ಜಾಸ್ತಿ.

ಪ್ರಯಾಣದಲ್ಲಿ ಮಾತ್ರ ಇದೇ ನಿಯಮ ಕಾಟ ಕೊಡುತ್ತೆ. ಬಂಡೆ ಅಡ್ಡ ಬಂದರೆ ವಾರ್ಪ್ ನಿಂತುಹೋಗುತ್ತೆ, ಮೇಲಿಂದ ದಾಟೋಣ ಅಂದ್ರೆ ದಾರಿಯಿಲ್ಲ. ಆದರೂ ಒಂದು ದಿಕ್ಕನ್ನೇ ಕಿತ್ತುಹಾಕಿದ್ದರಿಂದ ಹಡಗಿಗೆ ತೂಕ ಬಂದಿದೆ. ಫೀಚರ್ ಸೇರಿಸೋದು ನಮಗೆಲ್ಲ ಅಭ್ಯಾಸ. ತೆಗೆಯೋಕೆ ಧೈರ್ಯ ಬೇಕು.