‘ಇನ್ನೆಷ್ಟ ಬೇಕು?’ ಎಂಬ ಲೆಕ್ಕ

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತೆಂದರೆ ಮುದ್ದೇಬಿಹಾಳ ಬಸ್‌ನಿಲ್ದಾಣದಲ್ಲಿ ನಾಲತವಾಡ, ಢವಳಗಿ, ತಾಳಿಕೋಟೆ ಬಸ್ಸಿಗೆ ಕಾಯುವ ಡಿಗ್ರಿ ಹುಡುಗ ಹುಡುಗಿಯರದು ಒಂದೇ ಮಾತು: ‘ಇಂಟರ್ನಲ್‌ನ್ಯಾಗ ಎಷ್ಟ ಬಿದ್ದಾವು? ಫಸ್ಟ್ ಕ್ಲಾಸಿಗೆ ಇನ್ನೆಷ್ಟ ಬೇಕು?’ ಓದುವುದು ಬಿಟ್ಟು ಲೆಕ್ಕ ಹಾಕುತ್ತ ಕೂತರೆಂದು ಮಾಸ್ತರರು ಬೈಯುತ್ತಾರೆ. ಬೈಗುಳಕ್ಕೆ ಅರ್ಧದಷ್ಟೇ ಆಧಾರವಿದೆ.

ಏಕೆಂದರೆ ಇಲ್ಲಿ ಅಂಕ ಬರೀ ಪ್ರತಿಷ್ಠೆಯಲ್ಲ. ಈ ಭಾಗದಲ್ಲಿ ಶಿಕ್ಷಕರಾಗುವ ಆಸೆ ದೊಡ್ಡದು. ಬಿ.ಇಡ್ ಸೇರಲು ಪದವಿಯಲ್ಲಿ ಸಾಮಾನ್ಯವಾಗಿ ಶೇ 50 ಬೇಕು. ಕಾಲೇಜು ಅಧ್ಯಾಪಕರಾಗಲು ನೆಟ್ ಅರ್ಹತಾ ಪರೀಕ್ಷೆ ಬರೆಯುವ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ಶೇ 55 ಬೇಕು. ಇಂಥ ಗೆರೆಗಳಿರುವಾಗ ಲೆಕ್ಕ ಹಾಕದಿರುವುದೇ ದಡ್ಡತನ.

ಲೆಕ್ಕವಾದರೂ ಸರಳ. 2024-25ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಥಿಯರಿಗೆ 80, ಇಂಟರ್ನಲ್‌ಗೆ 20 ಎಂಬ ಹಂಚಿಕೆ ಬಂದಿದೆ. ಇಂಟರ್ನಲ್ 14 ಬಿದ್ದವನಿಗೆ ಫಸ್ಟ್ ಕ್ಲಾಸಿನ 60 ಮುಟ್ಟಲು ಥಿಯರಿಯಲ್ಲಿ 46 ಬೇಕು. 18 ಬಿದ್ದವಳಿಗೆ 42 ಸಾಕು. ಹೋಂವರ್ಕ್, ಟೆಸ್ಟ್, ಹಾಜರಿಯನ್ನು ಹಗುರ ಮಾಡಿದವರಿಗೆ ಅದರ ಬೆಲೆಯನ್ನು ಈ ನಾಲ್ಕು ಅಂಕ ತೋರಿಸುತ್ತವೆ. ಉಪದೇಶಕ್ಕಿಂತ ಇದು ಹೆಚ್ಚು ನಾಟುತ್ತದೆ. ಹೆದರಿಕೆಗೊಂದು ಅಳತೆ ಸಿಗುವುದು ಈ ರೂಢಿಯ ದೊಡ್ಡ ಗುಣ.

ದೋಷ ಇರುವುದು ಲೆಕ್ಕ ಹಾಕುವ ಹೊತ್ತಿನಲ್ಲಿ. ಯುಜಿಸಿ ಪದ್ಧತಿಯಲ್ಲಿ ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುತ್ತಾರೆ. ಮುಗಿದ ಎಲ್ಲ ಸೆಮಿಸ್ಟರ್ ಸೇರಿದ ಈ ಸರಾಸರಿಯೇ ಸಿಜಿಪಿಎ. ಆರೂ ಸೆಮಿಸ್ಟರಿಗೆ ಸಮ ಕ್ರೆಡಿಟ್ ಎಂದಿಟ್ಟುಕೊಳ್ಳಿ. ಸಿಜಿಪಿಎ 6.2 ಇದೆ, ಗುರಿ 6.5. ಮೊದಲ ಸೆಮಿಸ್ಟರ್ ಮುಗಿದಾಗಲೇ ಲೆಕ್ಕ ಹಾಕಿದರೆ ಉಳಿದ ಐದರಲ್ಲಿ ಸರಾಸರಿ 6.56 ಸಾಕು. ಮೂರು ಮುಗಿದ ಮೇಲೆ 6.8 ಬೇಕು. ಐದು ಮುಗಿಸಿ ಕೂತರೆ ಕೊನೆಯದೊಂದರಲ್ಲೇ 8 ತೆಗೆಯಬೇಕು. ನಮ್ಮವರು ಬಹಳಷ್ಟು ಸಲ ಈ ಲೆಕ್ಕಕ್ಕೆ ಕೂರುವುದು ಆಗಲೇ. ತೂಬು ತೆರೆಯುವ ಕಾಲ ಮುಗಿದ ಮೇಲೆ ಕಾಲುವೆ ನೀರಿನ ಸರದಿ ಕೇಳಿದಂತೆ.

ಇನ್ನೊಂದು ಕೊರತೆ: ಎಲ್ಲ ವಿಷಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಎರಡು ಕ್ರೆಡಿಟ್‌ನ ವಿಷಯಕ್ಕೆ ರಾತ್ರಿಯೆಲ್ಲ ಎದ್ದು, ಐದು ಕ್ರೆಡಿಟ್‌ನದನ್ನು ಗೈಡಿಗೆ ಬಿಟ್ಟವರ ಕೂಡಿಕೆ ತಪ್ಪದಿದ್ದರೂ ಯೋಜನೆ ತಪ್ಪಿರುತ್ತದೆ. ಪಾಸಿಗೆ ಥಿಯರಿಯಲ್ಲೇ ಬೇರೆ ಕನಿಷ್ಠ ಅಂಕ ಇದೆಯೇ ಎಂಬುದನ್ನೂ ಮರೆಯುತ್ತಾರೆ. ಇಂಟರ್ನಲ್ ತುಂಬ ಬಿದ್ದರೂ ಆ ಗೆರೆ ದಾಟದಿದ್ದರೆ ಬ್ಯಾಕ್ ಉಳಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು, ‘42 ಬೇಕು’ ಎಂದು ಗೊತ್ತಾದ ಕೂಡಲೇ 42ಕ್ಕಾಗುವಷ್ಟೇ ಓದುವುದು. ಮೌಲ್ಯಮಾಪನದಲ್ಲಿ ಮೂರು ಅಂಕ ಆಚೀಚೆಯಾದರೆ ಆಸೆ ಮುಗಿಯಿತು. ಕನಿಷ್ಠವನ್ನು ತಿಳಿಯುವುದು ಜಾಣತನ, ಅದನ್ನೇ ಗುರಿ ಮಾಡಿಕೊಳ್ಳುವುದು ಅಲ್ಲ.

ಆದ್ದರಿಂದ ಈ ರೂಢಿಯನ್ನು ಬೈದು ಬಿಡಿಸುವುದಕ್ಕಿಂತ ಕಲಿಸುವುದೇ ಮೇಲು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿರಲಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದ್ದಿರಲಿ, ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ವಾರವೇ ಒಂದು ತಾಸು ಇದಕ್ಕೆ ಮೀಸಲಿಡಲಿ. ಲೆಕ್ಕ ಒಳ್ಳೆಯದೇ, ಆರನೇ ಸೆಮಿಸ್ಟರಿಗೆ ಕಾಯದೆ ಎರಡನೆಯದರಲ್ಲೇ ಹಾಕಿ.